ದವಾಖಾನೆಯ ಮೆಟ್ಟಿಲು ಹತ್ತಲಾಗದವರು

ಅನಗವಾಡಿಯಂಥ ಊರಿನಿಂದ ಬಸ್ಸು ಹತ್ತಿ ಪಟ್ಟಣಕ್ಕೆ ಬರುವ ಎಲ್ಲ ರೋಗಿಗಳಿಗೂ ದೊಡ್ಡಾಸ್ಪತ್ರೆ ಬೇಕಿರುವುದಿಲ್ಲ. ಹೆಚ್ಚಿನವರು ಹುಡುಕುವುದು ತಮ್ಮ ಮನೆಮಂದಿಯ ಕಾಯಿಲೆ ಕಸಾಲೆ ಬಲ್ಲ ಡಾಕ್ಟರನ್ನು. ಆ ಡಾಕ್ಟರ್ ಇರುವುದೆಲ್ಲಿ? ಹಳೆ ಪೇಟೆಯ ಓಣಿಯಲ್ಲಿ, ಕಿರಾಣಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲುಗಳ ತುದಿಯಲ್ಲಿ.

ಮಂಡಿನೋವಿನ ನಮ್ಮ ಅವ್ವನನ್ನು ಅಂಥದೊಂದು ದವಾಖಾನೆಗೆ ಕರೆದೊಯ್ದಿದ್ದೆ. ಹತ್ತಲಾಗದೆ ಅವಳು ಅಂಗಡಿಯ ಕಟ್ಟೆಯ ಮೇಲೆ ಕುಳಿತಳು. ಪುಣ್ಯಾತ್ಮ ಡಾಕ್ಟರ್ ತಾವೇ ಇಳಿದು ಬಂದರು. ಹತ್ತು ಜನರ ಮುಂದೆ ಬೀದಿಯಲ್ಲೇ ವಿಚಾರಣೆ ನಡೆಯಿತು. ಉರಿಮೂತ್ರದ ಸಂಗತಿಯನ್ನು ಅವ್ವ ಅಲ್ಲಿ ಹೇಳಲೇ ಇಲ್ಲ. ಮನೆಗೆ ಬಂದ ಮೇಲೆ ಸೊಸೆಯ ಕಿವಿಯಲ್ಲಿ ಹೇಳಿದಳು. ಪರದೆಯೊಂದೂ ಇಲ್ಲದ ಕಡೆ ಯಾವ ಹೆಣ್ಣುಮಗಳು ಬಾಯಿ ಬಿಟ್ಟಾಳು?

ಕಾನೂನು ಇಲ್ಲವೆಂದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಸಣ್ಣ ದವಾಖಾನೆಯೂ ನೋಂದಾಯಿಸಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸಾರ್ವಜನಿಕರು ಚಿಕಿತ್ಸೆಗೆ ಬರುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. 2017ರಲ್ಲಿ ನಿಯಮ ಬಂತು, ಐದು ವರ್ಷಗಳ ಗಡುವು 2022ರಲ್ಲೇ ಮುಗಿಯಿತು. ಮೆಟ್ಟಿಲು ಮಾತ್ರ ಹಾಗೆಯೇ ಇದೆ!

ಡಾಕ್ಟರಿಗೆ ದಂಡ ಹಾಕಿದರಾಯಿತು ಎನ್ನುವವರಿದ್ದಾರೆ. ಕಟ್ಟಡ ಅವರದಲ್ಲ. ಬಡವರಿಂದ ಅಲ್ಪ ಫೀಸು ಪಡೆಯುವವರು ಪೇಟೆಯ ನೆಲಮಾಳಿಗೆಯ ಬಾಡಿಗೆ ಎಲ್ಲಿಂದ ತರಬೇಕು? ದಂಡ ಹಾಕಿದರೆ ಅವರು ಬಾಗಿಲು ಮುಚ್ಚಿ ಹೊಸ ಬಡಾವಣೆಗೆ ಹೋಗುತ್ತಾರೆ, ಓಣಿಯ ಜನ ಅಲ್ಲೇ ಉಳಿಯುತ್ತಾರೆ. ಬ್ರಿಟನ್ ಈ ಕಗ್ಗಂಟನ್ನು 1966ರಲ್ಲೇ ಕಂಡುಕೊಂಡಿತು. ಅಲ್ಲಿಯ ಕುಟುಂಬ ವೈದ್ಯರ ದವಾಖಾನೆಯ ಬಾಡಿಗೆಯನ್ನು ಸರಕಾರವೇ ತುಂಬಿಕೊಡುವ ಒಪ್ಪಂದವಾಯಿತು.

ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್' ಬಂತು. ಒಳ್ಳೆಯದೇ. ಆದರೆ ಬೆಳಿಗ್ಗೆ 9ರಿಂದ ಸಂಜೆ 4.30ರ ವೇಳೆಯಲ್ಲಿ ಅದು ಶುರುವಾಯಿತು. ಕೂಲಿಯವನು ಕೆಲಸ ಬಿಟ್ಟು ಬರುವ ಹೊತ್ತಿಗೆ ದೀಪ ಉರಿಯುತ್ತಿರುವುದು ಓಣಿಯ ಡಾಕ್ಟರರ ಕೋಣೆಯಲ್ಲೇ.

ಪುರಸಭೆ, ನಗರಸಭೆಗಳು ವಾಣಿಜ್ಯ ಮಳಿಗೆ ಕಟ್ಟಿಸಿ ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಕೊಡುತ್ತವೆ. ಮೊಬೈಲ್ ಅಂಗಡಿಗೆ ಸಿಗುವ ನೆಲ ದವಾಖಾನೆಗೇಕೆ ಸಿಗಬಾರದು? ಪ್ರತಿ ಸಂಕೀರ್ಣದಲ್ಲಿ ನೆಲಮಟ್ಟದ ಎರಡು ಮಳಿಗೆ ತೆಗೆದಿರಿಸಿ, ಕಡಿಮೆ ಬಾಡಿಗೆಗೆ ಕೊಡಲಿ. ಇಳಿಜಾರು ದಾರಿ, ಶೌಚಾಲಯ, ತಪಾಸಣೆಯ ಕೋಣೆಗೊಂದು ಮುಚ್ಚುವ ಬಾಗಿಲು ಇರಲೇಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಲಿ. ತಪ್ಪಿದವರಿಂದ ಮಳಿಗೆ ವಾಪಸು ಪಡೆಯಲಿ.