ಬೆಂಕಿ ಬಿದ್ದ ಮೇಲೆ ಬಾವಿ?
ಫೆಬ್ರವರಿ ಬಂತೆಂದರೆ ಗುಂಡ್ಲುಪೇಟೆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಹಿರೀಕರು ಮುಗಿಲು ನೋಡ್ತಾರೆ, ಗಾಳಿ ನೋಡ್ತಾರೆ. ಹಿಂಗಾರು ಕೈಕೊಟ್ಟಿತೇ, ಲಂಟಾನ ಪೊದೆ ಒಣಗಿತೇ – ಯಾರೂ ಸಂಬಳ ಕೊಡದಿದ್ದರೂ ಎಲ್ಲದಕ್ಕೂ ಅವರಲ್ಲಿ ಲೆಕ್ಕವಿರುತ್ತೆ.

2017ರಲ್ಲಿ ಬಂಡೀಪುರದ ಬೆಂಕಿ ಆರಿಸಹೋದ ಅರಣ್ಯ ರಕ್ಷಕರೊಬ್ಬರ ಪ್ರಾಣವೇ ಹೋಯಿತು. 2019ರ ಫೆಬ್ರವರಿಯಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಇಲ್ಲಿ ಕಾಡು ತಾನಾಗಿ ಹತ್ತಿಕೊಳ್ಳೋದು ಅಪರೂಪ. ಕಿಡಿ ಮನುಷ್ಯನದು, ಹಬ್ಬಿಸುವುದು ಗಾಳಿ.

ಈಗ ಉಪಗ್ರಹ ಸುದ್ದಿ ಕಳಿಸುತ್ತೆ, ನಿಜ. ಆದರೆ ಅದಕ್ಕೆ ಕಾಣುವುದು ಹತ್ತಿದ ಬೆಂಕಿ. ಹತ್ತುವ ಮುಂಚಿನ ದಿನಗಳನ್ನು ಬಲ್ಲವರು ಊರಿನವರು. ಬೆಂಕಿ ರೇಖೆ ಎಲ್ಲಿ, ಯಾವಾಗ ಸವರಬೇಕೆಂದು ಇಲಾಖೆ ಇವರನ್ನೂ ಒಂದು ಮಾತು ಕೇಳಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಏನು ಪ್ರಯೋಜನ ಸ್ವಾಮಿ?