ವಿಮಾನದ ಟ್ಯಾಂಕಿಗೆ ಕಬ್ಬು: ನೀರಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ನಮ್ಮ ರಸ್ತೆ ತಿರುವಿನಲ್ಲಿ ಬಜ್ಜಿ ಹಾಕೋರನ್ನು ಹೋದ ವಾರ ಕೇಳಿದೆ: "ಅಣ್ಣಾ, ಬಾಣಲೇಲಿ ಉಳಿದ ಎಣ್ಣೆ ಏನ್ ಮಾಡ್ತೀರ?" ಅವರು ನಕ್ಕರು. "ಉಳಿಯೋದೆಲ್ಲಿ ಬಂತು ಸಾರ್, ನಾಳೆ ಅದಕ್ಕೇ ಹೊಸದು ಸೇರಿಸ್ತೀವಿ." ಎದುರಿನ ದೊಡ್ಡ ಹೋಟೆಲಿನಿಂದ ಮಾತ್ರ ಒಬ್ಬ ಹುಡುಗ ಬಂದು ಟಿನ್‌ಗಟ್ಟಲೆ ಕರಿದ ಎಣ್ಣೆ ಕೊಂಡುಹೋಗ್ತಾನಂತೆ. ಎಲ್ಲಿಗೆ ಅಂತ ಅವರಿಗೂ ಗೊತ್ತಿಲ್ಲ.

ಈ ಎಣ್ಣೆಗೆ ಈಗ ವಿಮಾನಗಳ ಕಡೆಯಿಂದ ಬೇಡಿಕೆ ಬಂದಿದೆ. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ 2025ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಬಳಸಿದ ಅಡುಗೆ ಎಣ್ಣೆಯಿಂದ ವಿಮಾನ ಇಂಧನ ತಯಾರಿಸಲು ದೇಶದಲ್ಲೇ ಮೊದಲ ಅನುಮತಿ ಇದು. ಗುರಿ ವರ್ಷಕ್ಕೆ 35,000 ಟನ್. ಇಂಥ ಇಂಧನಕ್ಕೆ ಸಸ್ಟೇನಬಲ್ ಏವಿಯೇಷನ್ ಫ್ಯೂಯೆಲ್, ಚಿಕ್ಕದಾಗಿ ಎಸ್‌ಎಎಫ್ ಅಂತಾರೆ. ದೇಶದಿಂದ ಹೊರಡುವ ಅಂತಾರಾಷ್ಟ್ರೀಯ ವಿಮಾನಗಳಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5ರಷ್ಟು ಇದನ್ನು ಬೆರೆಸಬೇಕು ಅನ್ನೋದು ಕೇಂದ್ರ ಸರ್ಕಾರದ ಗುರಿ.

ಕಾರು, ಬಸ್ಸು ಬ್ಯಾಟರಿಗೆ ಬಂದಾಯ್ತು, ವಿಮಾನಕ್ಕೇನು ಕಷ್ಟ ಅಂತ ನೀವು ಕೇಳಬಹುದು. ನಾನು ಮೆಕ್ಯಾನಿಕಲ್ ಓದಿದವನು (ಥರ್ಮೋಡೈನಾಮಿಕ್ಸ್ ಪಾಸಾಗಿದ್ದು ಎರಡನೇ ಸಲಕ್ಕೆ, ಅದು ಬೇರೆ ಮಾತು). ಒಂದು ಕೆ.ಜಿ. ವಿಮಾನ ಇಂಧನದಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿ ಇರುತ್ತೆ, ಒಂದು ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಮೆಗಾಜೂಲ್ ಆಸುಪಾಸು. ಇಂಧನ ಉರಿದಂತೆ ವಿಮಾನ ಹಗುರಾಗುತ್ತೆ, ಬ್ಯಾಟರಿ ಖಾಲಿಯಾದರೂ ಅಷ್ಟೇ ತೂಗುತ್ತೆ. ಬೆಂಗಳೂರಿನಿಂದ ಲಂಡನ್‌ಗೆ ಬ್ಯಾಟರಿಯಲ್ಲಿ ಹಾರೋದು ಸದ್ಯಕ್ಕಂತೂ ಆಗದ ಮಾತು. ಹಾಗಾಗಿ ದ್ರವ ಇಂಧನವೇ ಬೇಕು. ತಂತ್ರಜ್ಞಾನದ ಬಗ್ಗೆ ಅನುಮಾನವೂ ಇಲ್ಲ. 2023ರ ನವೆಂಬರ್‌ನಲ್ಲಿ ವರ್ಜಿನ್ ಅಟ್ಲಾಂಟಿಕ್‌ನ ಬೋಯಿಂಗ್ 787 ಪೂರ್ತಿ ಎಸ್‌ಎಎಫ್ ತುಂಬಿಕೊಂಡು ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹಾರಿ ತೋರಿಸಿದೆ.

ಆದರೆ ಬಹಳ ಜನ ಗಮನಿಸದ ವಿಷಯ ಒಂದಿದೆ. ಎಸ್‌ಎಎಫ್ ಉರಿದಾಗ ಎಂಜಿನ್‌ನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಮಾಮೂಲಿ ಇಂಧನದಷ್ಟೇ. ಉಳಿತಾಯ ಆಗೋದು ಆಕಾಶದಲ್ಲಲ್ಲ, ನೆಲದ ಮೇಲೆ: ಆ ಇಂಧನ ಯಾವುದರಿಂದ ಬಂತು, ಅದನ್ನು ಬೆಳೆಯಲು ಏನೆಲ್ಲ ಸುರಿದರು ಅನ್ನುವುದರಲ್ಲಿ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೊರ್ಸಿಯಾ ಯೋಜನೆಯಲ್ಲಿ ಇದಕ್ಕೆ ಅಂಕಿಗಳಿವೆ. ಮಾಮೂಲಿ ಇಂಧನಕ್ಕೆ ಪ್ರತಿ ಮೆಗಾಜೂಲ್‌ಗೆ 89 ಗ್ರಾಂ. ಬಳಸಿದ ಅಡುಗೆ ಎಣ್ಣೆಯದಕ್ಕೆ 13.9 ಗ್ರಾಂ. ಅಮೆರಿಕದ ಮೆಕ್ಕೆಜೋಳದ ಎಥೆನಾಲ್‌ನಿಂದ ಮಾಡಿದ್ದಕ್ಕೆ, ಜಮೀನು ಬಳಕೆ ಬದಲಾಗುವ ಲೆಕ್ಕವನ್ನೂ ಸೇರಿಸಿದರೆ, 90 ದಾಟುತ್ತದೆ! ಅಂದರೆ ಹೆಸರು ಹಸಿರು, ಹೊಗೆ ಮಾತ್ರ ಪೆಟ್ರೋಲಿಯಂಗಿಂತ ಒಂದು ಕೈ ಮೇಲು.

ಸರಿ, ಹಾಗಾದರೆ ಅಡುಗೆ ಎಣ್ಣೆಯಿಂದಲೇ ಮಾಡೋಣ ಅನ್ನಬಹುದು. ಬೇಕಾದಷ್ಟು ಸಿಗಲ್ಲ. ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಬಳಸಿದ ಎಣ್ಣೆ ಸಂಗ್ರಹಿಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ 'ರುಕೋ' ಅನ್ನೋ ಕಾರ್ಯಕ್ರಮ ಶುರುಮಾಡಿತು. ಆದರೂ ಬಜ್ಜಿ ಅಣ್ಣನ ಬಾಣಲೆ ನೀವೇ ನೋಡಿದಿರಲ್ಲ. ಪಾಣಿಪತ್‌ನ 35,000 ಟನ್ 2027ರ ಶೇ 1ರ ಗುರಿಗೆ ಸಾಕು ಎಂದು ಇಂಡಿಯನ್ ಆಯಿಲ್ ಹೇಳಿದೆ. ಅದೇ ಲೆಕ್ಕದಲ್ಲಿ ಶೇ 5ಕ್ಕೆ ಅಂಥ ಐದು ಘಟಕ ಬೇಕು. ಮಂಗಳೂರಿನ ಎಂಆರ್‌ಪಿಎಲ್ ಯೋಜಿಸಿರುವ ಪ್ರಾಯೋಗಿಕ ಘಟಕದ ಸಾಮರ್ಥ್ಯ ದಿನಕ್ಕೆ 20,000 ಲೀಟರ್. ಒಂದು ಎ320 ನಿಯೋ ಟ್ಯಾಂಕಿಗೆ ಸುಮಾರು 26,000 ಲೀಟರ್ ಹಿಡಿಯುತ್ತೆ. ದಿನವಿಡೀ ತಯಾರಿಸಿದರೂ ಒಂದು ವಿಮಾನ ತುಂಬಲ್ಲ.

ಈ ಖಾಲಿ ಜಾಗಕ್ಕೇ ಎಥೆನಾಲ್ ಬಂದು ನಿಲ್ಲೋದು. ಅದರ ಹಿಂದಿರುವುದು ಹವಾಮಾನದ ಕಾಳಜಿಗಿಂತ ಹೆಚ್ಚಾಗಿ ಮಾರಾಟವಾಗದ ಸರಕಿನ ಚಿಂತೆ ಅಂತ ನನ್ನ ಅನುಮಾನ. ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆಸುವ ಗುರಿ 2025ರಲ್ಲೇ ಮುಟ್ಟಿಯಾಯ್ತು. ಮುಂದೇನು? 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ಕೂತಿದ್ದು ನೆನಪಿರಬೇಕು. ಕೊನೆಗೆ 3,300ಕ್ಕೆ ಒಪ್ಪಂದ ಆಯ್ತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಬರೆದ ಪತ್ರದ ಒಂದು ದೂರು ಇದೇ: ರಾಜ್ಯದ ಡಿಸ್ಟಿಲರಿಗಳ ಸಾಮರ್ಥ್ಯ 270 ಕೋಟಿ ಲೀಟರ್, ನಮಗೆ ಹಂಚಿಕೆಯಾದದ್ದು 47 ಕೋಟಿ ಲೀಟರ್. ಬಂಡವಾಳ ಹಾಕಿ ಡಿಸ್ಟಿಲರಿ ಕಟ್ಟಿಸಿದವರು ಹೊಸ ಗಿರಾಕಿ ಹುಡುಕ್ತಾರೆ, ಸಹಜ. ಅವರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ ಅಂತ ಬೇರೆ ಹೇಳಬೇಕಾ?

ಒಂದು ಸಣ್ಣ ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಎಥೆನಾಲ್‌ನಿಂದ ಮೊದಲು ನೀರಿನ ಅಂಶ ತೆಗೆದು ಎಥಿಲೀನ್ ಮಾಡ್ತಾರೆ, ಅದನ್ನು ಜೋಡಿಸಿ ವಿಮಾನ ಇಂಧನ. 46 ಕೆ.ಜಿ. ಎಥೆನಾಲ್ ಹಾಕಿದರೆ ಹೆಚ್ಚೆಂದರೆ 28 ಕೆ.ಜಿ. ಕೈಗೆ ಬರುತ್ತೆ, ಇದು ರಸಾಯನಶಾಸ್ತ್ರದ ಮಿತಿ, ಯಾವ ಕಂಪನಿಯೂ ಮೀರಕ್ಕಾಗಲ್ಲ. ಶೇ 5ರ ಗುರಿಗೆ ಬೇಕಾದ 1.75 ಲಕ್ಷ ಟನ್ ಪೂರ್ತಿ ಹೀಗೇ ಬಂದರೆ ಸುಮಾರು 36 ಕೋಟಿ ಲೀಟರ್ ಎಥೆನಾಲ್ ಬೇಕು. ಕೇಳಕ್ಕೆ ದೊಡ್ಡದಲ್ಲ, ನಮ್ಮ ರಾಜ್ಯದ ಡಿಸ್ಟಿಲರಿಗಳೇ ಕೊಟ್ಟುಬಿಡಬಹುದು. ಈಗ ನೀರು. ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಗುಣಿಸಿದರೆ 36 ಟಿಎಂಸಿ. ಕೆಆರ್‌ಎಸ್ ಅಣೆಕಟ್ಟೆ ತುಂಬಿದರೆ 49 ಟಿಎಂಸಿ.

ನಾನೇ ಈ ಲೆಕ್ಕದ ತೂತು ಹೇಳಿಬಿಡ್ತೀನಿ. ಆ ನೀರಿನಲ್ಲಿ ಮಳೆಯ ಪಾಲೂ ಇದೆ. ಕಾಕಂಬಿಯಿಂದ ಎಥೆನಾಲ್ ಮಾಡಿದರೆ ನೀರಿನ ಬಹುಪಾಲು ಸಕ್ಕರೆಯ ಖಾತೆಗೆ ಹೋಗಬೇಕು. ಎಲ್ಲವೂ ಕಬ್ಬಿನಿಂದಲೇ ಬರುತ್ತೆ ಅಂತಲೂ ಇಲ್ಲ. ಅರ್ಧಕ್ಕೆ ಇಳಿಸಿ, ಮೂರನೇ ಒಂದಕ್ಕೆ ಇಳಿಸಿ, ಆಗಲೂ 12 ಟಿಎಂಸಿ. ಒಂದೆರಡು ಟಿಎಂಸಿಗೆ ಎರಡು ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತುವ ನಾಡು ಇದು. ಅದೂ ಅಂತಾರಾಷ್ಟ್ರೀಯ ವಿಮಾನಗಳ ಶೇ 5ಕ್ಕೆ ಮಾತ್ರ. ಯುರೋಪಿನಲ್ಲಿ ಕಾನೂನು 2050ಕ್ಕೆ ಶೇ 70 ಕೇಳುತ್ತೆ. ಅವರು ಆಹಾರ ಬೆಳೆಯ ಇಂಧನವನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದಾರೆ ಅನ್ನೋದನ್ನು ಇಲ್ಲಿ ಯಾರೂ ಜೋರಾಗಿ ಹೇಳ್ತಿಲ್ಲ.

ಕಬ್ಬು ಬೆಳೆಯೋರ ಮೇಲೆ ತಪ್ಪು ಹೊರಿಸೋದು ನನ್ನ ಉದ್ದೇಶ ಅಲ್ಲ. ಜೋಳಕ್ಕೆ, ತೊಗರಿಗೆ ಬೆಲೆಯ ಖಾತರಿ ಇಲ್ಲದ ಕಡೆ, ಗೇಟಿನವರೆಗೆ ಸಾಗಿಸಿದರೆ ಕೊಳ್ಳುವ ಕಾರ್ಖಾನೆ ಇರೋದು ಕಬ್ಬಿಗೆ ಮಾತ್ರ. ಬಾಕಿ ಹಣಕ್ಕೆ ತಿಂಗಳುಗಟ್ಟಲೆ ಅಲೆದರೂ ಕಬ್ಬೇ ಹಾಕ್ತಾರೆ.

ಇನ್ನೊಂದು ದಾರಿ ಇದೆ, ಅದನ್ನು ಹಡಗುಗಳ ಕಡೆಯಿಂದ ನೋಡಿದರೆ ಸ್ಪಷ್ಟ. ಜಗತ್ತಿನ ಹೊಗೆಯಲ್ಲಿ ಹಡಗುಗಳ ಪಾಲು ಸುಮಾರು ಶೇ 3, ವಿಮಾನಗಳದ್ದು ಸುಮಾರು ಎರಡೂವರೆ. ಹಡಗಿಗೆ ತೂಕದ ಚಿಂತೆ ಅಷ್ಟಿಲ್ಲ, ಹಾಗಾಗಿ ಮೆಥನಾಲ್, ಅಮೋನಿಯಾ ನಡೆಯುತ್ತವೆ. ಮಾರ್ಸ್ಕ್ ಕಂಪನಿ 2023ರಿಂದಲೇ ಮೆಥನಾಲ್ ಹಡಗು ಓಡಿಸುತ್ತಿದೆ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆದರೆ ಅದರಿಂದ ಅಮೋನಿಯಾ ಆಗುತ್ತೆ. ಅದೇ ಹೈಡ್ರೋಜನ್‌ಗೆ ಇಂಗಾಲ ಸೇರಿಸಿದರೆ ವಿಮಾನ ಇಂಧನವೂ ಆಗುತ್ತೆ. ನೀರು ಇಲ್ಲೂ ಬೇಕು, ಆದರೆ ಗದ್ದೆಗೆ ಹರಿಸುವಷ್ಟಲ್ಲ. ಅಮೋನಿಯಾ ವಿಷಕಾರಿ, ಸೋರಿದರೆ ಅಪಾಯ. ಆದರೂ ಹೊಸ ವಸ್ತುವೇನಲ್ಲ, ಪಣಂಬೂರಿನ ರಸಗೊಬ್ಬರ ಕಾರ್ಖಾನೆ ದಶಕಗಳಿಂದ ನಿಭಾಯಿಸುತ್ತಿದೆ. ಕಾಂಡ್ಲಾ, ಪಾರಾದೀಪ, ತೂತುಕುಡಿ ಬಂದರುಗಳನ್ನು ಹಸಿರು ಹೈಡ್ರೋಜನ್ ಕೇಂದ್ರ ಮಾಡೋದಾಗಿ ಕೇಂದ್ರ ಹೇಳಿದೆ.

ತೊಡಕು ಬೆಲೆ. ಅದಕ್ಕೇ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಒಂದು ಚೌಕಟ್ಟಿಗೆ ಒಪ್ಪಿತ್ತು: 5,000 ಟನ್ನೇಜ್ ಮೀರಿದ ಹಡಗುಗಳು ಮಿತಿಗಿಂತ ಹೆಚ್ಚು ಹೊಗೆ ಬಿಟ್ಟರೆ ಟನ್‌ಗೆ 100ರಿಂದ 380 ಡಾಲರ್ ಕಟ್ಟಬೇಕು, ಆ ಹಣದಲ್ಲಿ ಹೊಸ ಇಂಧನಕ್ಕೆ ನೆರವು. ಅಕ್ಟೋಬರ್ 17ರಂದು ಲಂಡನ್‌ನಲ್ಲಿ ಅಂತಿಮ ಒಪ್ಪಿಗೆ ಆಗಬೇಕಿತ್ತು. ಬೆಂಬಲಿಸಿದ ದೇಶಗಳ ಮೇಲೆ ಸುಂಕ, ವೀಸಾ ನಿರ್ಬಂಧ ಹಾಕ್ತೀವಿ ಅಂತ ಟ್ರಂಪ್ ಸರ್ಕಾರ ಬೆದರಿಸಿತು, ಸೌದಿ ಅರೇಬಿಯಾ ಮುಂದೂಡುವ ಪ್ರಸ್ತಾಪ ಇಟ್ಟಿತು, 57–49 ಮತಗಳಲ್ಲಿ ಒಂದು ವರ್ಷಕ್ಕೆ ಮುಂದೆ ಹೋಯ್ತು. ಗಿರಾಕಿ ಬರ್ತಾನೋ ಇಲ್ಲವೋ ಗೊತ್ತಿಲ್ಲದೆ ಬಂದರಿನಲ್ಲಿ ಅಮೋನಿಯಾ ಟ್ಯಾಂಕ್ ಕಟ್ಟೋರು ಯಾರು?

ಎಥೆನಾಲ್‌ಗೆ ಈ ಅನಿಶ್ಚಿತತೆ ಇಲ್ಲ. ಕಾರ್ಖಾನೆ ಇದೆ, ಬೆಳೆ ಇದೆ, ದೆಹಲಿಯಲ್ಲಿ ಮಾತಾಡೋರಿದ್ದಾರೆ. ದುಬಾರಿಯಾದರೂ ಸರಿಯಾದ ದಾರಿ ಕಾಯುತ್ತಾ ಕೂತಾಗ ತಯಾರಿರೋದು ನುಗ್ಗಿಬಿಡುತ್ತೆ. ಕೊರ್ಸಿಯಾ ಪ್ರಮಾಣಪತ್ರಕ್ಕೆ ನೀರಿನ ಲಭ್ಯತೆ ಕಾಪಾಡಬೇಕು ಅನ್ನುವ ಷರತ್ತೂ ಇದೆ. ಹಾಗಾದರೆ ಪ್ರತಿ ಡಿಸ್ಟಿಲರಿಯ ಎಥೆನಾಲ್ ಯಾವ ತಾಲ್ಲೂಕಿನ ಬೆಳೆಯಿಂದ ಬಂತು, ಕಾಲುವೆ ನೀರೋ ಬೋರ್‌ವೆಲ್ಲೋ, ಹನಿ ನೀರಾವರಿ ಎಷ್ಟಿದೆ, ಇದಿಷ್ಟನ್ನೂ ಇಂಧನ ನೀತಿಯ ಜೊತೆಗೇ ಪ್ರಕಟಿಸಿ ಅಂತ ಕೇಳೋದು ಅತಿಯಾಸೆ ಅಲ್ಲ. ಎಥೆನಾಲ್ ಹಂಚಿಕೆ ಸಾಲದು ಅಂತ ಪತ್ರ ಬರೆಯುವ ರಾಜ್ಯ ಸರ್ಕಾರವನ್ನೂ, ಕೃಷ್ಣಾ ಕೊಳ್ಳದ ನಮ್ಮ ಸಂಸದರನ್ನೂ ಇದನ್ನೇ ಕೇಳಬೇಕು. ಮುಂದಿನ ಸಲ ಯಾರಾದರೂ 'ಹಸಿರು ವಿಮಾನ'ಕ್ಕೆ ಬಾವುಟ ತೋರಿಸುವಾಗ ಅಲ್ಲಿರುವ ಪತ್ರಕರ್ತರಲ್ಲಿ ನಾನೂ ಒಬ್ಬನಿರ್ತೀನಿ, ಕೇಳೋದು ಈ 36 ಟಿಎಂಸಿ ಬಗ್ಗೇನೇ.