ಬಿತ್ತುವ ಬೀಜ ಬೇಯಿಸಬೇಡಿ



ಕಾಗಲದಲ್ಲಿ ಮನೆಭೇಟಿಗೆ ಹೋದಾಗ ಒಬ್ಬ ತಾಯಿ ಮಾಲವಣದಿಂದ ಬಂದ ತಿಸ್ರ್ಯಾ ಚಿಪ್ಪಿ ತೊಳೆಯುತ್ತಿದ್ದರು. ಅರ್ಧದಷ್ಟು ಉಗುರಿಗಿಂತ ದೊಡ್ಡವಲ್ಲ. “ಫಾದರ್, ಸಮುದ್ರ ಅಷ್ಟು ದೊಡ್ಡದೈತಿ. ಬುಟ್ಟಿ ಚಿಪ್ಪಿಗೂ ಕಾಯ್ದೆ ಯಾಕ್ ಬೇಕ್ರಿ?” ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದ ಕಥೆ ಕೇಳಿ. ಹೊರದೇಶಗಳ ಬೇಡಿಕೆ ಹೆಚ್ಚಿ, 1991ರಲ್ಲಿ ಅಲ್ಲಿ ಸುಮಾರು 10,000 ಟನ್ ಚಿಪ್ಪಿ ತೆಗೆದರು. 1993ಕ್ಕೆ ಅದು ಅರ್ಧಕ್ಕಿಳಿಯಿತು. ಆಗ ವಿಜ್ಞಾನಿಗಳ ಸಲಹೆಯಂತೆ ಕಟ್ಟುಪಾಡುಗಳು ಬಂದವು. ಮರಿಯಾಗುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ತೆಗೆಯುವಂತಿಲ್ಲ. ಸಣ್ಣ ಕಣ್ಣಿನ ಬಲೆ ಬೇಡ, ಯಂತ್ರ ಬೇಡ. ಕಿಲೋಗೆ 1400ಕ್ಕಿಂತ ಹೆಚ್ಚು ತೂಗುವಷ್ಟು ಸಣ್ಣ ಸರಕು ರಫ್ತಾಗಬಾರದು. ಮುಂದಿನ ಹತ್ತು ವರ್ಷಗಳಲ್ಲಿ ಇಳುವರಿ ಮತ್ತೆ ಹಳೆಯ ಮಟ್ಟಕ್ಕೆ ಏರಿತು. 2014ರಲ್ಲಿ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ಲಿನ ಪ್ರಮಾಣಪತ್ರ ಅದಕ್ಕೆ ದೊರೆಯಿತು. ಭಾರತದ ಮೀನುಗಾರಿಕೆಗೆ ಅದೇ ಮೊದಲನೆಯದು.

ನಮ್ಮ ಕನ್ನಡ ಕರಾವಳಿಯಲ್ಲೂ ಇಂಥ ಸಂಪತ್ತಿದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರೂ ಗಂಡಸರೂ ಬಳಚು ಹೆಕ್ಕುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಜನ ಇದರಿಂದ ದುಡಿಮೆ ಕಂಡಿದ್ದರೆಂದು ಅಧ್ಯಯನ ಹೇಳಿದೆ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಮರಳು ಬಗೆದರೆ ಬಳಚಿನ ಮನೆಯೇ ಹೋಗುತ್ತದೆ. ಬುಟ್ಟಿ ಹೊತ್ತವಳನ್ನು ತಡೆದು, ಮರಳಿನ ಲಾರಿಯನ್ನು ಬಿಟ್ಟರೆ ಅದು ನ್ಯಾಯವೇ? ಮೂರು ತಿಂಗಳು ತೆಗೆಯಬೇಡಿ ಎನ್ನುವವರು ಆ ಮೂರು ತಿಂಗಳು ಅವಳ ಒಲೆ ಹೇಗೆ ಉರಿಯಬೇಕೆಂದೂ ಯೋಚಿಸಬೇಕು.

ಇನ್ನೊಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ನಾಟಿಲಸ್ ಮೊದಲಾದ ಕೆಲವು ಚಿಪ್ಪುಜೀವಿಗಳು ಸೇರಿದವು. ಕಡಲತೀರದ ಅಂಗಡಿಯಲ್ಲಿ ಅಂದದ ಚಿಪ್ಪು ಕೊಳ್ಳುವ ಮೊದಲು ವಿಚಾರಿಸಿ.

ದೂಧಗಂಗಾ ದಂಡೆಯ ರೈತರಾದ ನಮಗೆ ಇದು ಹೊಸ ಪಾಠವಲ್ಲ. ಹಸಿವಾದರೂ ಬಿತ್ತುವ ಜೋಳವನ್ನು ಹಿರಿಯರು ಬೇರೆ ಚೀಲದಲ್ಲಿ ಕಟ್ಟಿಡುತ್ತಿದ್ದರು. ಸಣ್ಣ ಚಿಪ್ಪಿಯೂ ಕಡಲಿನ ಬಿತ್ತನೆ ಬೀಜವೇ. ಮುಂದಿನ ಸಲ ಸಂತೆಯಲ್ಲಿ ದೊಡ್ಡದನ್ನೇ ಕೇಳಿ ಕೊಳ್ಳೋಣ. ಕೊಳ್ಳುವವರು ಬೇಡವೆಂದರೆ ಸಣ್ಣದನ್ನು ಹೆಕ್ಕುವವರೂ ಕಡಿಮೆಯಾಗುತ್ತಾರೆ.